ಅಲೆಯ ಮೇಲೆ ತಕ್ಕಡಿ

ಫ್ಯಾರೋ ದ್ವೀಪಗಳಾಚೆ, ಮೀನುಹಡಗಿನ ಹೊಟ್ಟೆಯಲ್ಲಿ
ಮಾರ್ಯುನ್ ಒಂದು ಕಾಡ್ ಮೀನು ತೂಗುತ್ತಾಳೆ.
ಮೂರು ಕಿಲೋ. ನಾಲ್ಕು. ಎರಡೂವರೆ.
ಮೀನು ಸತ್ತು ಗಂಟೆಯಾಯಿತು;
ಒದ್ದಾಡುತ್ತಿರುವುದು ಅಂಕಿ.

ಎಂಜಿನ್ನಿನ ಗುರುಗುರು ಸುಲಭ,
ಸಣ್ಣ ನಡುಕ, ಸರಾಸರಿಯ ಜರಡಿಯಲ್ಲೇ ಉಳಿಯುತ್ತದೆ.
ಕಡಲು ಹಾಗಲ್ಲ. ನಿಧಾನ.
ತೂಕದ ವೇಷದಲ್ಲೇ ಒಳಗೆ ಬರುತ್ತದೆ.

ಅದಕ್ಕೇ ಪಕ್ಕದಲ್ಲೊಂದು ಕಿಲೋ ಉಕ್ಕು:
ಮಾರುವುದಲ್ಲ, ತಿನ್ನುವುದಲ್ಲ,
ದಿನವಿಡೀ ಸುಮ್ಮನೆ ತೂಗಿಸಿಕೊಳ್ಳುವುದು.
ಅದು ಹಗುರಾದಷ್ಟು ಮೀನೂ ಹಗುರ.
ಭಾಗಿಸಿದರೆ, ಕಡಲು ಹೋಯಿತು.

‘ಇನ್ನಷ್ಟು ಸೋಸಲೇ?’
ಟ್ರೋಂಡುರ್ ಗದರುತ್ತಾನೆ: ಬೆಲ್ಟು ಕಾಯುತ್ತದೇನೆ?
ಸೋಸಿದಷ್ಟೂ ನಿಜ ತಡ.

ಒಂದೂವರೆ ಸೆಕೆಂಡು.
ಮೂರು ಕಿಲೋ ನೂರ ನಲವತ್ತು ಗ್ರಾಂ.
ಮುಂದಿನದು.

ದಡದ ಮೊದಲ ರಾತ್ರಿ
ಅವಳ ಮಂಚ ತೂಗುತ್ತದೆ, ತೂಗುತ್ತದೆ.
ಪಕ್ಕದಲ್ಲಿ ಕೈಚಾಚಿ ತಡವುತ್ತಾಳೆ
ಒಂದು ಕಿಲೋ ಉಕ್ಕಿಗೆ.