ಇಗರ್ಜಿ

ತಗಡಿನ ಮಾಡಿನ ಕೆಳಗೆ, ಪ್ಲಾಸ್ಟಿಕ್ ಕುರ್ಚಿಗಳ ನಡುವೆ ನಿಂತು
ಹೊಸ ಪಾದ್ರಿ ಹೇಳಿದರು: ಇಗರ್ಜಿ ಅಂದರೆ ಕಟ್ಟಡವಲ್ಲ.
ಅವರಿಗೆ ಸುಲಭ. ಅವರ ಊರಿನದು ನಿಂತೇ ಇದೆ.

ನಮ್ಮದು ನೌಕಾನೆಲೆಯ ಬೇಲಿಯೊಳಗೆ ಉಳಿಯಿತು.
ಗಂಟೆಯನ್ನೂ ಸಾಂತ್ ಆಂತೋನಿಯನ್ನೂ ಟೆಂಪೋದಲ್ಲಿ ತಂದೆವು.
ಬಾಗಿಲ ಚೌಕಟ್ಟು ಇಪ್ಪತ್ತು ಮಂದಿ ಎಳೆದರೂ ಜಗ್ಗಲಿಲ್ಲ.

ಪದ ಬಂದ ದಾರಿಯನ್ನು ಅವರು ಬೋರ್ಡಿನ ಮೇಲೆ ಬರೆದರು
(ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳು, ಕಿವಿ ನಿಮಿರಿತು)
ಗ್ರೀಕರ ಎಕ್ಲೀಸಿಯಾ. ಎಕ್, ಹೊರಗೆ. ಕಲೆಯೋ, ಕರೆ.
ಯಾವುದೋ ಊರಿನ ಬೀದಿಯಲ್ಲಿ ಸಾರುವವನು ಸಾರಿದರೆ
ಎಣ್ಣೆ ಅಳೆಯುವವನು ಅಳತೆ ಅರ್ಧಕ್ಕೆ ಬಿಟ್ಟು
ಚಪ್ಪಲಿ ಹೊಲಿಯುವವನು ಬಾಯಲ್ಲಿ ದಾರ ಕಚ್ಚಿಕೊಂಡೇ
ಹೊರಗೆ ಬರುತ್ತಿದ್ದರಂತೆ. ಬಂದು ನಿಂತವರ ಹೆಸರು ಅದು.
ದೇವರು ಆ ಪದದೊಳಗೆ ಬಂದದ್ದು ಆಮೇಲೆ.

ರೋಮಿನಲ್ಲಿ ತಂಗಿತು. ಪೋರ್ಚುಗೀಸರ ಬಾಯಲ್ಲಿ
ಕ ಸವೆದು ಗ, ಲ ಹೋಗಿ ರ,
ಇಗ್ರೇಜ. ಹಡಗು ಹತ್ತಿ ಗೋವೆ. ಅಲ್ಲಿಂದ
ಉಪ್ಪು ಹೇರಿದ ದೋಣಿಯಲ್ಲಿ ಕಾಳಿ ನದಿ ದಾಟಿ
ನಮ್ಮ ಮನೆಗಳಲ್ಲಿ ಇಗರ್ಜ್,
ಕಾರವಾರದ ಪೇಟೆಯಲ್ಲಿ ಇಗರ್ಜಿ.
ಕೊನೆಗೊಂದು ಸ್ವರ ಕೊಡದೆ
ಕನ್ನಡ ಯಾರನ್ನೂ ಒಳಗೆ ಕೂರಿಸುವುದಿಲ್ಲ.

ಇಷ್ಟು ಕೇಳುವಾಗ ನನಗೆ ಕಾಣುತ್ತಿದ್ದದ್ದು ಗ್ರೀಸ್ ಅಲ್ಲ,
ಥಾಕು ಹರಿಕಂತ್ರ.
ಗಾಳಿಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು
ನೀರಿನ ಮೈಬಣ್ಣ ನೋಡುತ್ತ, ಗಂಟೆಗಟ್ಟಲೆ.
ಬಂಗಡೆಯ ಹಿಂಡು ಬಂದರೆ ಕಡಲು ಒಂದು ಕಡೆ
ಮೋಡದ ನೆರಳು ಬಿದ್ದ ಹಾಗೆ ಕಪ್ಪಾಗುತ್ತದೆ, ಮೋಡವಿಲ್ಲದೆ.
ಆಗ ಎದ್ದು, ತಲೆಯ ಚೌಕ ಬಿಚ್ಚಿ ಬೀಸಿ, ಒಂದೇ ಕೂಗು.
ಅದರಲ್ಲಿ ಪದವಿರಲಿಲ್ಲ.

ಮನೆಗಳು ತಮ್ಮನ್ನು ತಾವೇ ಹೊರಗೆ ಸುರಿದುಕೊಳ್ಳುತ್ತಿದ್ದವು.
ಪೀದಾದ್ ಮಾಯ್, ಮೊಣಕೈವರೆಗೆ ರುಬ್ಬಿದ ಮಸಾಲೆ,
ಖಾರ್ವಿಗಳು, ಗಾಬಿತರು, ಜ್ವರದಲ್ಲಿ ಮಲಗಿದ್ದ ಇನಾಸ್,
ರಂಪಣಿಯ ಎರಡು ಹಗ್ಗಕ್ಕೆ ಎರಡು ಸಾಲು,
ಹಿಮ್ಮಡಿ ಮರಳಿನಲ್ಲಿ ಹೂತು.
ಒಂದು ಆದಿತ್ಯವಾರ ಪೂಜೆಯ ನಡುವೆಯೇ ಕೂಗು ಬಂತು.
ಹಳೆಯ ಪಾದ್ರಿ ನಮ್ಮ ಮುಖಗಳನ್ನು ನೋಡಿದರು.
'ಹೋಗಿ' ಅಂದರು. ಆಮೇಲೆ ಅವರೂ
ನಿಲುವಂಗಿ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹಗ್ಗಕ್ಕೆ ಬಂದರು.
ಪಾಲು ಹಾಕುವಾಗ ಥಾಕು ಯಾರ ದೇವರನ್ನೂ ಕೇಳಲಿಲ್ಲ.
ಹಗ್ಗ ಮುಟ್ಟಿದ ಕೈ, ಅಷ್ಟೇ.
ನನ್ನ ಏಳು ವರ್ಷದ ಕೈಗೆ ಐದು ಬಂಗಡೆ.

ಪಾದ್ರಿ ಬೋರ್ಡು ಒರೆಸುತ್ತಿದ್ದರು. ಹೇಳಬೇಕೆಂದುಕೊಂಡೆ:
ಕಲೆಯೋದ ಲ ಹೋಗಿ ರ ಬಂದರೆ ನಮ್ಮದೇ ಕರೆ.
(ಬರೀ ಕಾಕತಾಳೀಯ, ಮಕ್ಕಳಿಗೆ ಹೀಗೆ ಕಲಿಸಬಾರದು.)
ಕರೆ ಎಂದರೆ ಕೂಗು. ಕಡಲಿನ ಅಂಚಿಗೂ
ನಮ್ಮಲ್ಲಿ ಕರೆ ಎಂದೇ ಹೆಸರು.
ಗ್ರೀಕರಿಗೆ ಈ ಅನುಕೂಲ ಇರಲಿಲ್ಲ.

ಹೇಳಲಿಲ್ಲ. 'ಹೊರಗೆ ಕರೆಯಲ್ಪಟ್ಟವರು' ಎಂದು ಅವರು ಅಂದಾಗಲೇ
ಹಿಂದಿನ ಸಾಲಿನಲ್ಲಿ ಇನಾಸ್ ಸಣ್ಣಗೆ ನಕ್ಕಿದ್ದ:
'ಹೌದು ಫಾದರ್. ನೋಟಿಸು ಬಂದಿತ್ತು. ಮೂರು ಪ್ರತಿ.'

ಕಾಲನಿಗೆ ಕಡಲು ಕೇಳುವುದಿಲ್ಲ. ಹೆದ್ದಾರಿಯ ಲಾರಿ ಕೇಳುತ್ತದೆ.
ಗಂಟೆ ಈಗ ಒಂದು ಕಬ್ಬಿಣದ ಕಂಬಕ್ಕೆ ಜೋತಿದೆ.
ಅದನ್ನು ಹೊಡೆದಾಗಲೆಲ್ಲ ಪ್ಲಾಟ್ ನಲವತ್ತೊಂದರ ಬಾಗಿಲು ತೆರೆದು
ಥಾಕು ಹೊರಗೆ ಬರುತ್ತಾನೆ.
ಕಣ್ಣಿಗೆ ಪೊರೆ. ಚೌಕ ಹೆಗಲ ಮೇಲೆ.
ಮೆಟ್ಟಿಲ ತುದಿಯಲ್ಲಿ, ಗಂಟೆ ನಿಲ್ಲುವ ತನಕ ನಿಂತಿರುತ್ತಾನೆ,
ಎರಡೂ ಅಂಗೈ ಸ್ವಲ್ಪ ಮಡಚಿಕೊಂಡು,
ಹಗ್ಗದ ದಪ್ಪಕ್ಕೆ.