ಹತ್ತು ಪಾಯಿಂಟ್ ಎಂಟು

ನಾನು ಮಾರುವುದು ಖಾಲಿಯನ್ನು.
ಸುತ್ತ ಒಂದಿಷ್ಟು ಅಲ್ಯೂಮಿನಿಯಂ ಇರುತ್ತದೆ, ಹಿಡಿದುಕೊಳ್ಳಲಿಕ್ಕೆ.
ಒಳಗೆ ಗಾಜಿಲ್ಲ, ತಂತಿಯಿಲ್ಲ, ಬುದ್ಧಿಯಿಲ್ಲ.
ಹಳೆಯ ಲೆನ್ಸಿಗೂ ಹೊಸ ಕ್ಯಾಮೆರಾಕ್ಕೂ ನಡುವೆ
ಹತ್ತು ಪಾಯಿಂಟ್ ಎಂಟು ಮಿಲಿಮೀಟರು ಬಯಲು.
ಅದಕ್ಕೆ ಒಂಬತ್ತು ಸಾವಿರ ಯೆನ್.

ಎರಡು ಸಾವಿರಕ್ಕೂ ಸಿಗುತ್ತವೆ, ಗೊತ್ತು.
ಅವನ್ನು ಬೇಕೆಂದೇ ಕೂದಲೆಳೆಯಷ್ಟು ತೆಳ್ಳಗೆ ಕೊರೆದಿರುತ್ತಾರೆ.
ಅನಂತದ ಗುರುತಿಗೆ ಮುಂಚೆಯೇ ಬೆಟ್ಟ ನಿಚ್ಚಳ,
ಗುರುತಿಗೆ ತಂದರೆ ಮಂಕು.
ಅನಂತದ ಆಚೆ ಏನಿದೆಯೆಂದು ನನಗೆ ತಿಳಿಯದು,
ಇದ್ದರೂ ಅದು ಮಂಕಾಗಿದೆ ಎಂಬುದಷ್ಟೇ ಗೊತ್ತು.
ನನ್ನ ಉಂಗುರ ಅನಂತದಲ್ಲಿ ನಿಲ್ಲುತ್ತದೆ.
ಯಾತ್ಸುಗಾತಾಕೆಯ ತುದಿಗೆ ಹಿಡಿದು ನೋಡಿಯೇ
ಪೊಟ್ಟಣ ಕಟ್ಟುವುದು.

ಓಕಾಯಾದಲ್ಲಿ ಮೊದಲು ರೇಷ್ಮೆ ತೆಗೆಯುತ್ತಿದ್ದರು,
ಆಮೇಲೆ ಗಡಿಯಾರ, ಆಮೇಲೆ ಕ್ಯಾಮೆರಾ.
ಬಿಸಿನೀರಿನಲ್ಲಿ ಗೂಡಿನ ಎಳೆಯ ತುದಿ ಹುಡುಕಿದ
ಅಮ್ಮನ ಬೆರಳೇ ಮುಂದೆ
ಹಿತ್ತಾಳೆಯ ಮರೆಯಲ್ಲಿ ಗ್ರೀಸು ಸವರಿತು.
ಈಗ ಎಂಬತ್ತೆಂಟು. ಸ್ಟೌವಿನ ಪಕ್ಕ ಕೂತು
ನನ್ನ ಲೇತಿನ ಸದ್ದಿಗೆ ತಪ್ಪು ಹುಡುಕುತ್ತಾಳೆ.

ಜನವರಿಯ ಒಂದು ಗುರುವಾರ
ರಾತ್ರಿ ಪಾಳಿ ಮುಗಿಸಿ ನರ್ಸ್ ಉಶಿಯಾಮಾ ರಿಂಕೊ ಬಂದಳು,
ಅಜ್ಜನ ಲೆನ್ಸು ಒಂದು ಉಣ್ಣೆಯ ಕಾಲುಚೀಲದೊಳಗೆ.
ಉಂಗುರ ಹಾಕಿ ತಿರುಪಿದೆ. ಕಚ್ಚಿಕೊಂಡಿತು.
ಕ್ಯಾಮೆರಾದ ಪರದೆ ಹೇಳಿತು:
ಲೆನ್ಸ್ ಜೋಡಿಸಿಲ್ಲ.

ಅವಳ ಮುಖ ಇಳಿಯಿತು.
ಮಾತಾಡದ ಲೆನ್ಸು ಇದಕ್ಕೆ ಇಲ್ಲದ ಲೆನ್ಸು, ಎಂದೆ.
ಮೆನುವಿನ ಏಳನೆಯ ಪುಟ, ಕೆಳಗಿನಿಂದ ಎರಡನೆಯ ಸಾಲು:
ಲೆನ್ಸ್ ಇಲ್ಲದೆಯೂ ಕ್ಲಿಕ್ಕಿಸು. ಹೌದು.
ಅಮ್ಮ ಸ್ಟೌವಿನ ಬಳಿಯಿಂದ,
"ಹೋದ ವರ್ಷ ನನ್ನ ಕಣ್ಣಿಗೂ ಹಾಕಿದರಲ್ಲ ಎರಡು,
ನಾನೇನು ಇಷ್ಟು ರಂಪ ಮಾಡಿದೆನೇ?"

ಲೆನ್ಸಿನ ಬೆನ್ನಲ್ಲಿ ಹಿತ್ತಾಳೆಯ ಒಂದು ಅಂಚಿದೆ.
ಹಳೆಯ ಕ್ಯಾಮೆರಾದೊಳಗಿನ ಪುಟ್ಟ ತೋಳೊಂದು
ಅದಕ್ಕೆ ಒರಗಿಕೊಂಡು
ಕಿಂಡಿಯಲ್ಲಿ ಎರಡಾಗಿ ಕಂಡ ಮುಖವನ್ನು ಒಂದು ಮಾಡುತ್ತಿತ್ತು.
ಇಲ್ಲಿ ಆ ತೋಳಿಲ್ಲ.
ಆದರೂ ತಿರುಗಿಸಿದಷ್ಟೂ ಅಂಚು ಮುಂದೆ ಬರುತ್ತದೆ, ಹಿಂದೆ ಸರಿಯುತ್ತದೆ,
ಮೂರು ಮೀಟರು, ಎರಡು, ಒಂದೂವರೆ,
ಬಯಲಿಗೆ ಲೆಕ್ಕ ಒಪ್ಪಿಸುತ್ತಲೇ ಇರುತ್ತದೆ.

ಅಜ್ಜ ತೆಗೆದ ಚಿತ್ರಗಳನ್ನೂ ತಂದಿದ್ದಳು.
ಸುವಾ ಸರೋವರ ಹೆಪ್ಪುಗಟ್ಟುತ್ತಿದ್ದ ಚಳಿಗಾಲಗಳು,
ಸೀಳಿ ಮೇಲೆದ್ದ ಮಂಜುಗಡ್ಡೆಯ ಸಾಲು, ಪಕ್ಕದಲ್ಲಿ ಅಜ್ಜಿ.
ಒಂದೊಂದರಲ್ಲೂ ಅಷ್ಟೇ ದೂರ ನಿಂತ ಅಜ್ಜಿ.
"ಬಿಗುಮಾನದ ಮನುಷ್ಯ ಅಂದುಕೊಂಡಿದ್ದೆ," ಎಂದಳು.
ಇರಬಹುದು.
ಆದರೆ ಆ ಕಾಲದ ಲೆನ್ಸುಗಳೂ ಒಂದು ಮೀಟರಿಗೆ ನಿಂತುಬಿಡುತ್ತಿದ್ದವು,
ಅದಕ್ಕಿಂತ ಹತ್ತಿರ ಹೋಗಲು ಒಲ್ಲವು.
ಯಾರು ಯಾರಿಂದ ಕಲಿತರೋ.

ನನ್ನಲ್ಲಿ ಇನ್ನೊಂದು ಉಂಗುರವಿದೆ, ತಿರುಪಿದರೆ ಉದ್ದವಾಗುವಂಥದು.
ನಾಲ್ಕು ಮಿಲಿಮೀಟರು ಹೆಚ್ಚು ಖಾಲಿ,
ಅರ್ಧ ಮೀಟರು ಹೆಚ್ಚು ಹತ್ತಿರ.
ಬದಲಿಸಿ ಕೊಟ್ಟೆ. ಅವಳು ಸುತ್ತ ನೋಡಿ
ಬೇರೇನೂ ಕಾಣದೆ ಅಮ್ಮನ ಕೈಗೆ ಹಿಡಿದಳು.
ಪರದೆಯಲ್ಲಿ ಕೆಂಪು ಚುಕ್ಕಿಗಳು ಇರುವೆಗಳಂತೆ
ಹೆಬ್ಬೆರಳ ಅಂಚಿಗೆ ಮುತ್ತಿ, ಚೆದರಿ, ಮತ್ತೆ ಮುತ್ತಿದವು.
ಬಿಸಿನೀರು ಬೆಳ್ಳಗಾಗಿಸಿದ ಚರ್ಮ.
ಕ್ಲಿಕ್.

ಅಮ್ಮ ಚಿತ್ರ ನೋಡಲಿಲ್ಲ. ಕ್ಯಾಮೆರಾ ಇಸಿದುಕೊಂಡು
ಲೆನ್ಸನ್ನು ಎರಡು ಬೆರಳಲ್ಲಿ
ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ತಿರುಗಿಸಿದಳು,
ಕಿವಿಯ ಹತ್ತಿರ ಹಿಡಿದು.
"ಗ್ರೀಸು ಹೆಚ್ಚಾಗಿದೆ. ಯಾರೋ ಹೊಸಬಳ ಕೆಲಸ."
ಸ್ವಲ್ಪ ಹೊತ್ತು ಬಿಟ್ಟು,
"ಮೊದಲ ವರ್ಷ ನಾನೂ ಹೀಗೇ ಮೆತ್ತುತ್ತಿದ್ದೆ."

ಹೊರಗೆ ಸರೋವರ ಈ ವರ್ಷವೂ ಬರಿಯ ನೀರು.
ಬಾಗಿಲಲ್ಲಿ ನಿಂತು ರಿಂಕೊ ಅನಂತಕ್ಕೆ ತಿರುಗಿಸಿ ನೋಡಿದಳು.
ಆಚೆ ದಡದ ದೀಪಗಳು ಚೂಪಾಗಿದ್ದವು. ನಾನೂ ಇಣುಕಿ ನೋಡಿದೆ.
ಉದ್ದವಾಗುವ ಉಂಗುರಕ್ಕೆ ಹದಿನಾಲ್ಕು ಸಾವಿರ.
ಒಂಬತ್ತು ಕೊಟ್ಟು ಹೋಗಿದ್ದಾಳೆ,
ಉಳಿದದ್ದು ಸಂಬಳದ ದಿನ.