ಹಕ್ಕಲ

ಜೂನಿನಿಂದ ಯಾವ ಟೇಬಲ್ಲೂ ಯಾರಿಗೂ ಖಾಯಂ ಅಲ್ಲ.
ಸುತ್ತೋಲೆ ಬಂತು: ಸಂಶೋಧಕರು ಮೂವತ್ತೊಂದು, ಟೇಬಲ್ಲು ಹದಿನೇಳು,
ಬಂದವರು ಬಂದಂತೆ ಕೂಡತಕ್ಕದ್ದು,
ಏಳುವಾಗ ಟೇಬಲ್ಲು ಬರಿದಾಗಿರತಕ್ಕದ್ದು.
ಗೋಡೆಗುಂಟ ಕಬ್ಬಿಣದ ಕಪಾಟು, ಒಬ್ಬೊಬ್ಬರಿಗೊಂದು ಗೂಡು.
ನನ್ನದು ಇಪ್ಪತ್ತಮೂರು.
ಬೀಗ ನಾವೇ ತರಬೇಕು.

ಮೊದಲ ವಾರ ಜಿನದತ್ತ ಏಳೂವರೆಗೇ ಬಂದು
ಕಿಟಕಿ ಪಕ್ಕದ ಟೇಬಲ್ಲಿಗೆ ಕರವಸ್ತ್ರ ಹಾಸಿ ಚಹಾಕ್ಕೆ ಹೋಗುತ್ತಿದ್ದ,
ಹುಬ್ಬಳ್ಳಿ ಬಸ್ಸಿನ ಸೀಟಿಗೆ ಹೊರಗಿನಿಂದಲೇ ಟವೆಲ್ ಎಸೆದ ಹಾಗೆ.
ಶಮ್ಶಾದ್ ಅದನ್ನು ನೀಟಾಗಿ ಮಡಚಿ ಬದಿಗಿಟ್ಟು ಕೂತಳು.
“ಕರ್ಚೀಫಿಗೂ ಪಿಎಚ್‌ಡಿ ಕೊಡ್ತಾರೇನೋ?”
ಆಮೇಲೆ ಯಾರೂ ಹಾಸಲಿಲ್ಲ.

ನಾನು ಹೊಲದ ಹೆಸರು ಕೂಡಿಸುವವಳು.
ಗರಗ, ಅಮ್ಮಿನಭಾವಿ, ಹೆಬ್ಬಳ್ಳಿ, ಮೊರಬ.
ಉತಾರದಲ್ಲಿ ಸರ್ವೆ ನಂಬರು ಇರುತ್ತದೆ,
ಹೆಸರು ಬಾಯಲ್ಲಿ:
ದೆವ್ವನ ಪಟ್ಟಿ, ಸೂಲಗಿತ್ತಿ ಹೊಲ, ಜಗಳದ ಮಡಿ.
ಹೆಸರಿಗೊಂದು ಚೀಟಿ. ನಾಲ್ಕು ಸಾವಿರದ ಇನ್ನೂರು ಚೀಟಿ
ಎಂಟು ಬೂಟಿನ ಡಬ್ಬಿಗಳಲ್ಲಿ.
ಗೂಡು ನುಂಗಿದ್ದು ಎರಡು ಡಬ್ಬಿ. ಉಳಿದ ಆರು
ಮಾಳಮಡ್ಡಿಯ ಬಾಡಿಗೆ ಕೋಣೆಯಲ್ಲಿ, ಮಂಚದ ಕೆಳಗೆ.
ದಿನಕ್ಕೊಂದನ್ನು ತೊಡೆಯ ಮೇಲಿಟ್ಟುಕೊಂಡು ಸಿಟಿ ಬಸ್ಸಿನಲ್ಲಿ ತರುತ್ತೇನೆ.
ಇವತ್ತು ‘ಕ’.
ಬೇಕಾದದ್ದು ಯಾವಾಗಲೂ ‘ಮ’ದಲ್ಲಿ.

ಮಳೆಗಾಲ ಮುಗಿಯುವಷ್ಟರಲ್ಲಿ ಟೇಬಲ್ಲುಗಳ ಗುರುತು ಹತ್ತಿತು.
ನಾಲ್ಕರಲ್ಲಿ ಶೇಂಗಾ ಹಿಂಡಿಯ ವಾಸನೆ.
ಒಂಬತ್ತರಲ್ಲಿ ಬೆರಳಿಗೆ ಅಂಟುವ ಕರೀ ಹುಡಿ,
ಅಂದರೆ ನವಲಗುಂದದ ಮಣ್ಣು ಅಳೆಯುವ ಹುಡುಗ ಕೂತಿದ್ದ.
ಅವನ ಮುಖ ನೋಡಿಲ್ಲ, ಅವನದು ಸಂಜೆಯ ಕೆಲಸ.
ಕುರ್ಚಿ ಅವನೆತ್ತರಕ್ಕೆ ಏರಿರುತ್ತದೆ,
ಮುಂಜಾನೆ ಬಂದು ನಾನು ಇಳಿಸುತ್ತೇನೆ.
ಇಷ್ಟೇ ನಮ್ಮ ಪರಿಚಯ.

ಒಂದು ಗುರುವಾರ ಹನ್ನೊಂದರಲ್ಲಿ ಚೀಟಿಯೊಂದನ್ನು ಮರೆತೆ.
‘ಹಕ್ಕಲ. ಮೊರಬ, ಮೂರು ಹೊಲಗಳಿಗೆ. ಅರ್ಥ?’
ಮರುದಿನ ಟೇಬಲ್ಲು ನಿಯಮದಂತೆ ಬರಿದು.
ಚೀಟಿ ನನ್ನ ಗೂಡಿನ ಸಂದಿಯಲ್ಲಿತ್ತು,
ಬೆನ್ನಿಗೆ ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಬರೆದ ದೊಡ್ಡ ಅಕ್ಷರ:
“ಹತ್ತಿ ಬಿಡಿಸಿ ಮಾಲಕರು ಹೋದ ಮ್ಯಾಲೆ
ಗಿಡದಾಗ ಉಳದದ್ದು ಯಾರರೆ ಆರಿಸಿಕೋಬಹುದು.
ಅದಕ್ಕ ಹಕ್ಕಲ ಅಂತಾರ.
ನಮ್ಮವ್ವ ಹಂಗ ಆರಿಸಿ ಒಂದು ಗಾದಿ ಮಾಡಿದ್ಲು.”

ಮಣ್ಣಿನ ಹುಡುಗನೇ ಅಂದುಕೊಂಡೆ.
ಎರಡು ದಿನ ಒಂಬತ್ತು ಬಿಟ್ಟು ಏಳಲಿಲ್ಲ.
ಬಂದ. ತೆಳ್ಳಗೆ, ಉದ್ದಕ್ಕೆ. ನಿಪ್ಪಾಣಿ ಕಡೆಯವನು.
ಹಕ್ಕಲ ಅಂದರೆ ಹಕ್ಕಿಗೆ ಸಂಬಂಧವೇ ಎಂದು ಕೇಳಿದ.

ಏಳೂ ಮುಕ್ಕಾಲಿಗೆ ಫಕೀರಪ್ಪ ಬಕೆಟ್ಟಿನೊಂದಿಗೆ ಬಂದ.
ಹದಿನೇಳೂ ಟೇಬಲ್ಲನ್ನು ದಿನಾ ಮುಟ್ಟುವವನು ಅವನೊಬ್ಬನೇ,
ಮೂವತ್ತೊಂದರ ಲೆಕ್ಕದಲ್ಲಿ ಇಲ್ಲದವನು.
“ಚೀಟಿ ನೀವು ಬರದ್ರ್ಯಾ?”
ಒದ್ದೆ ಅರಿವೆ ಹಿಂಡುವುದು ನಿಂತಿತು.
“ತಪ್ಪಾತೇನ್ರೀ? ಕಸಾ ಅಂತ ಒಗೀಲಿಕ್ಕೆ ಮನಸಾಗಲಿಲ್ಲ.
ಚೀಟಿ ಇಣಕೂ ಗೂಡು ಒಂದ ಐತಿ, ಅಲ್ಲಿ ಇಟ್ಟೆ.
ಇವು ನೋಡ್ರಿ, ಯಾರವು ಅಂತ ತಿಳೀವಲ್ದು,
ದಿನಾ ಬ್ಯಾರೆ ಬ್ಯಾರೆ ಕಡೆ ಕೂಡ್ತೀರಿ ನೀವು.”
ಕಿಸೆಯಿಂದ ತೆಗೆದ: ಅರ್ಧ ರಬ್ಬರು, ಕಿವಿಯ ಒಂಟಿ ಹರಳು,
ಪೆನ್ ಡ್ರೈವು, ಮಡಚಿದ್ದು ಮಡಚಿದಂತೇ ಇದ್ದ ಕರವಸ್ತ್ರ.

ಚೀಟಿಯಲ್ಲಿ ‘ಹೇಳಿದವರು’ ಅಂತ ಒಂದು ಸಾಲಿರುತ್ತದೆ.
ಫಕೀರಪ್ಪ ಹರಿಜನ್ನವರ, ಗುಡಗೇರಿ, ಎಂದು ಬರೆದೆ.
‘ಸ್ಥಳ’ದ ಎದುರು ಹನ್ನೊಂದು ಬರೆದು
ಹೊಡೆದು ಹಾಕಿದೆ.
ಮತ್ತೇನು ಬರೆಯಬೇಕೋ ತೋಚಲಿಲ್ಲ.

ಅವನು ಬಾಗಿಲ ಬಳಿ, ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದ.
“ಆರಿಸಲೇನ್ರೀ?” ಅಂದ.